ಒಂದೇ ವೈರಸ್, ಹಲವು ಉರಿ: ಐರ್ಲೆಂಡ್‌ನ ಆಂಟಿ-ಡಿ ಬಾಣಂತಿಯರ ಪ್ರಕರಣ

1976ರ ಕೊನೆಯ ತಿಂಗಳುಗಳಲ್ಲಿ ಐರ್ಲೆಂಡ್‌ನ ಒಬ್ಬ ಗರ್ಭಿಣಿಗೆ ಪ್ಲಾಸ್ಮಾ ಬದಲಾವಣೆಯ ಚಿಕಿತ್ಸೆ ನಡೆಯುತ್ತಿತ್ತು. ಆಕೆಯದು ಆರ್‌ಎಚ್ ನೆಗೆಟಿವ್ ರಕ್ತ. ಹಿಂದಿನ ಬಸಿರಿನಲ್ಲಿ ಹುಟ್ಟಿಕೊಂಡಿದ್ದ ಪ್ರತಿಕಾಯಗಳು ಈಗ ಹೊಟ್ಟೆಯಲ್ಲಿರುವ ಮಗುವಿನ ಕೆಂಪು ರಕ್ತಕಣಗಳನ್ನು ಒಡೆದುಹಾಕುವ ಭಯವಿತ್ತು. ಆದ್ದರಿಂದ ಆಕೆಯ ಪ್ಲಾಸ್ಮಾವನ್ನು ಆಗಾಗ ತೆಗೆದು, ದಾನಿಗಳ ಪ್ಲಾಸ್ಮಾವನ್ನು ಕೊಡುತ್ತಿದ್ದರು. ತೆಗೆದ ಪ್ಲಾಸ್ಮಾವನ್ನು ಚೆಲ್ಲಲಿಲ್ಲ. ಅದರಲ್ಲಿದ್ದ ಪ್ರತಿಕಾಯವೇ ‘ಆಂಟಿ-ಡಿ’ ಚುಚ್ಚುಮದ್ದಿನ ಕಚ್ಚಾವಸ್ತು. ಆರ್‌ಎಚ್ ನೆಗೆಟಿವ್ ತಾಯಿಗೆ ಪಾಸಿಟಿವ್ ಮಗು ಹುಟ್ಟಿದಾಗ, ತಾಯಿಯಲ್ಲಿ ಇಂಥ ಪ್ರತಿಕಾಯಗಳು ಹುಟ್ಟಿಕೊಳ್ಳದಿರಲೆಂದು 72 ಗಂಟೆಗಳೊಳಗೆ ಕೊಡುವ ಈ ಚುಚ್ಚುಮದ್ದು ನಮ್ಮ ಹೆರಿಗೆ ಆಸ್ಪತ್ರೆಗಳಲ್ಲೂ ದಿನನಿತ್ಯದ ಮಾತು. ಐರ್ಲೆಂಡ್‌ನಲ್ಲಿ ಅದನ್ನು ತಯಾರಿಸುತ್ತಿದ್ದುದು ಸರ್ಕಾರಿ ರಕ್ತ ವರ್ಗಾವಣಾ ಸೇವಾ ಮಂಡಳಿ.

ಆ ವರ್ಷದ ನವೆಂಬರ್‌ನಲ್ಲಿ ಆಕೆಗೆ ಕಾಮಾಲೆ ಕಾಣಿಸಿಕೊಂಡಿತು. ದಾಖಲೆಯಲ್ಲಿ ಸೋಂಕಿನ ಹೆಪಟೈಟಿಸ್ ಎಂದು ಬರೆಯಲಾಯಿತು. ಹೆಪಟೈಟಿಸ್ ಬಿ ಪರೀಕ್ಷೆ ನೆಗೆಟಿವ್ ಬಂತು. ಹೆಪಟೈಟಿಸ್ ಸಿ ಎಂಬ ಹೆಸರೇ ಆಗ ಇರಲಿಲ್ಲ. ಆ ವೈರಸ್ ಪತ್ತೆಯಾದದ್ದು 1989ರಲ್ಲಿ. ಹೆಸರಿಲ್ಲದಿದ್ದರೂ ಕಾಮಾಲೆ ಕಣ್ಣಿಗೆ ಕಾಣುತ್ತಿತ್ತು. ಕಾಮಾಲೆ ಬಂದವರ ಪ್ಲಾಸ್ಮಾವನ್ನು ಸಾವಿರಾರು ಬಾಣಂತಿಯರ ರಕ್ತನಾಳಕ್ಕೆ ಸೇರಿಸಬಾರದೆಂದು ತಿಳಿಯಲು ವೈರಸ್‌ನ ಹೆಸರು ಬೇಕಿರಲಿಲ್ಲ. ನಿವೃತ್ತ ಮುಖ್ಯ ನ್ಯಾಯಮೂರ್ತಿ ಥಾಮಸ್ ಫಿನ್ಲೆ ಅವರ ವಿಚಾರಣಾ ಆಯೋಗ 1997ರಲ್ಲಿ ಹೇಳಿದ್ದರ ಸಾರವೂ ಇದೇ. ಪ್ಲಾಸ್ಮಾ ಬಳಕೆ ಮುಂದುವರಿಯಿತು. 1977ರಲ್ಲಿ ಚುಚ್ಚುಮದ್ದು ಪಡೆದ ಕೆಲವರಿಗೆ ಕಾಮಾಲೆ ಬಂದ ವರದಿಗಳು ಬಂದರೂ ಆ ಬ್ಯಾಚುಗಳನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆಯಲಿಲ್ಲ. 1991ರ ಡಿಸೆಂಬರ್‌ನಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆ, ಹಳೆಯ ಮಾದರಿಗಳಲ್ಲಿ ಹೆಪಟೈಟಿಸ್ ಸಿ ಇದೆ ಎಂದು ಮಂಡಳಿಗೆ ತಿಳಿಸಿತು. ಅದೂ ಕಡತ ಸೇರಿತು. ಕೊನೆಗೆ ಕಾರ್ಕ್ ನಗರದಲ್ಲಿ ರಕ್ತದಾನಿಗಳ ತಪಾಸಣೆ ಮಾಡುತ್ತಿದ್ದ ಡಾ. ಜೋನ್ ಪವರ್ ಅವರಿಗೆ, ಹೆಪಟೈಟಿಸ್ ಸಿ ಪಾಸಿಟಿವ್ ಬಂದವರಲ್ಲಿ ಆರ್‌ಎಚ್ ನೆಗೆಟಿವ್ ಮಹಿಳೆಯರೇ ಇಷ್ಟೊಂದು ಏಕಿದ್ದಾರೆ ಎಂಬ ಅನುಮಾನ ಹುಟ್ಟಿತು. 1994ರ ಫೆಬ್ರವರಿಯಲ್ಲಿ ವಿಷಯ ಬಹಿರಂಗವಾಯಿತು.

ಆಡಳಿತದ ಕಥೆಯನ್ನು ಇಲ್ಲಿಗೆ ಬಿಡುತ್ತೇನೆ. ಅದರ ಬಗ್ಗೆ ಐರ್ಲೆಂಡ್‌ನಲ್ಲಿ ಸಂಪುಟಗಟ್ಟಲೆ ಬರೆದಿದ್ದಾರೆ. ನನ್ನ ಕುತೂಹಲ ಇರುವುದು ಆ ಮಹಿಳೆಯರ ಯಕೃತ್ತಿನೊಳಗೆ ನಡೆದದ್ದರಲ್ಲಿ.

ಯಾರೂ ಬೇಕೆಂದು ಮಾಡಲಾಗದ ಪ್ರಯೋಗ

ದೀರ್ಘಕಾಲದ ಹೆಪಟೈಟಿಸ್ ಸಿ ರೋಗಿಯನ್ನು ಪರೀಕ್ಷಿಸುವ ವೈದ್ಯರಿಗೆ ಸಾಮಾನ್ಯವಾಗಿ ಮೂರು ಸಂಗತಿಗಳು ಗೊತ್ತಿರುವುದಿಲ್ಲ: ಸೋಂಕು ಯಾವಾಗ ತಗುಲಿತು, ಯಾರಿಂದ ಬಂತು, ಜೊತೆಗೆ ಸೋಂಕು ತಗುಲಿದ ಉಳಿದವರು ಏನಾದರು. ಐರ್ಲೆಂಡ್‌ನ ಪ್ರಕರಣದಲ್ಲಿ ಮೂರೂ ಗೊತ್ತಿದ್ದವು. ವೈರಸ್ ಒಬ್ಬರೇ ದಾನಿಯಿಂದ ಬಂದ 1ಬಿ ತಳಿ. ಸೋಂಕಿತರೆಲ್ಲರೂ ಆಗಷ್ಟೇ ಹೆತ್ತ, ಬಹುತೇಕ ಆರೋಗ್ಯವಂತ ಹೆಂಗಸರು. ಚುಚ್ಚುಮದ್ದಿನ ದಿನ ಹೆರಿಗೆ ವಾರ್ಡಿನ ದಾಖಲೆಯಲ್ಲಿತ್ತು.

1999ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ. 1970ರಿಂದ 1994ರ ನಡುವೆ ಆಂಟಿ-ಡಿ ಪಡೆದ 62,667 ಮಹಿಳೆಯರ ತಪಾಸಣೆ ನಡೆಯಿತು. 704 ಮಂದಿಯಲ್ಲಿ ಹಿಂದಿನ ಅಥವಾ ಈಗಿನ ಸೋಂಕಿನ ಕುರುಹು ಸಿಕ್ಕಿತು. ಅವರಲ್ಲಿ 390 ಮಂದಿಯ ರಕ್ತದಲ್ಲಿ ಮಾತ್ರ ವೈರಸ್‌ನ ಆರ್‌ಎನ್‌ಎ ಇತ್ತು. ಉಳಿದ ಸುಮಾರು 45 ಶೇಕಡ ಮಂದಿ ಯಾವ ಔಷಧವೂ ಇಲ್ಲದೆ, ಬಹುಪಾಲು ತಮಗೇ ಅರಿವಿಲ್ಲದೆ, ವೈರಸ್ಸನ್ನು ಹೊರಹಾಕಿದ್ದರು. ಒಂದೇ ತಳಿ, ಒಂದೇ ದಾರಿ, ಒಂದೇ ವಯೋಮಾನ. ಆದರೂ ಅರ್ಧದಷ್ಟು ಜನ ಒಂದು ಕಡೆ, ಅರ್ಧದಷ್ಟು ಜನ ಇನ್ನೊಂದು ಕಡೆ.

ವೈರಸ್ ಉಳಿದುಕೊಂಡವರ ಬಯಾಪ್ಸಿ ವರದಿ ಇನ್ನೂ ವಿಚಿತ್ರ. ಸೋಂಕು ತಗುಲಿ ಸರಾಸರಿ 17 ವರ್ಷ ಕಳೆದಿದ್ದವು. ಪರೀಕ್ಷಿಸಿದ 363 ಯಕೃತ್ತುಗಳಲ್ಲಿ 98 ಶೇಕಡದಲ್ಲಿ ಉರಿಯೂತವಿತ್ತು. ಹೆಚ್ಚಿನವು ಸೌಮ್ಯ ಅಥವಾ ಮಧ್ಯಮ. ಸುಮಾರು ಅರ್ಧದಷ್ಟರಲ್ಲಿ ನಾರುಗಟ್ಟಿದ ಗುರುತಿತ್ತು. ಯಕೃತ್ತೆಲ್ಲ ನಾರುಗಟ್ಟಿ ಗಡುಸಾಗುವ ಸಿರೋಸಿಸ್ ಇದ್ದದ್ದು ಅಥವಾ ಇರಬಹುದೆನಿಸಿದ್ದು ಏಳೇ ಮಂದಿಗೆ. ಇದೇ ಮಹಿಳೆಯರ ಪೈಕಿ ಹೆಚ್ಚುಕಡಿಮೆ 45 ಶೇಕಡ ಮಂದಿಯ ಎಎಲ್‌ಟಿ ಪ್ರಮಾಣ ಸಹಜವಾಗಿತ್ತು. ಯಕೃತ್ತಿನ ಕೋಶಗಳು ಒಡೆದಾಗ ರಕ್ತಕ್ಕೆ ಸೋರುವ ಕಿಣ್ವ ಅದು. ಅಂದರೆ ರಕ್ತಪರೀಕ್ಷೆಯ ಚೀಟಿ ‘ಎಲ್ಲ ಸರಿ’ ಎನ್ನುತ್ತಿದ್ದ ಎಷ್ಟೋ ಜನರ ಯಕೃತ್ತಿನಲ್ಲಿ ಉರಿಯೂತ ಹದಿನೇಳು ವರ್ಷಗಳಿಂದ ನಡೆದೇ ಇತ್ತು.

ಹೆಪಟೈಟಿಸ್ ಸಿ ವೈರಸ್ ತಾನು ಹೊಕ್ಕ ಜೀವಕೋಶವನ್ನು ತಾನಾಗಿಯೇ ಕೊಲ್ಲುವುದು ಕಡಿಮೆ; ಒಳಗೆ ಕೂತು ತನ್ನ ಪ್ರತಿಗಳನ್ನು ತಯಾರಿಸಿಕೊಳ್ಳುತ್ತದೆ. ಹಾನಿಯ ಹೆಚ್ಚಿನ ಪಾಲು ಅದನ್ನು ಹುಡುಕಿಕೊಂಡು ಬರುವ ನಮ್ಮದೇ ರೋಗನಿರೋಧಕ ಕೋಶಗಳದು. ಹಾಗಾಗಿ ಈ ಪ್ರಕರಣದ ಬೀಗದಕೈ ವೈರಸ್‌ನಲ್ಲಿ ಇಲ್ಲ, ಅದಕ್ಕೆ ಪ್ರತಿಯಾಗಿ ದೇಹ ಕಳಿಸಿದ ಸಂಕೇತಗಳಲ್ಲಿದೆ.

ಮೊದಲ ವಾರಗಳು: ಕತ್ತರಿಸಿದ ತಂತಿ

ಯಕೃತ್ತಿನ ಕೋಶದೊಳಗೆ ಬಂದ ವೈರಸ್ ತನ್ನ ಆರ್‌ಎನ್‌ಎಯನ್ನು ಬಿಚ್ಚಿದ ಕೂಡಲೇ ಅದನ್ನು ಗುರುತಿಸುವ ಅಣುಗಳು ಎರಡು ಕಡೆ ಕಾಯುತ್ತಿರುತ್ತವೆ. ಕೋಶದ್ರವದಲ್ಲಿ ರಿಗ್-ಐ ಎಂಬ ಪ್ರೋಟೀನ್ ಇದೆ. ವೈರಸ್‌ನ ಆರ್‌ಎನ್‌ಎಯ ಬಾಲದಲ್ಲಿರುವ, ‘ಯು’ ಅಕ್ಷರಗಳೇ ಸಾಲಾಗಿ ಬರುವ ಭಾಗವನ್ನು ಅದು ಹಿಡಿಯುತ್ತದೆ. ಕೋಶದೊಳಗಿನ ಚೀಲಗಳ ಪೊರೆಯಲ್ಲಿ ಟಿಎಲ್‌ಆರ್3 ಎಂಬ ಗ್ರಾಹಕವಿದೆ. ಅದು ಜೋಡಿ ಎಳೆಯ ಆರ್‌ಎನ್‌ಎಯನ್ನು ಗುರುತಿಸುತ್ತದೆ. ರಿಗ್-ಐ ತನ್ನ ಸುದ್ದಿಯನ್ನು ಮೈಟೋಕಾಂಡ್ರಿಯಾದ ಮೇಲಿರುವ ಮ್ಯಾವ್ಸ್ ಎಂಬ ಪ್ರೋಟೀನಿಗೆ ದಾಟಿಸುತ್ತದೆ, ಟಿಎಲ್‌ಆರ್3 ತನ್ನದನ್ನು ಟ್ರಿಫ್‌ಗೆ. ಎರಡು ದಾರಿಗಳೂ ಕೊನೆಗೆ ಸೇರುವುದು ಇಂಟರ್‌ಫೆರಾನ್ ತಯಾರಿಕೆಯ ಆದೇಶದಲ್ಲಿ; ವೈರಸ್ ಬಂದಿದೆಯೆಂದು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುವ ಸಂಕೇತ-ಪ್ರೋಟೀನ್ ಅದು.

ವೈರಸ್‌ನ ಬಳಿ ಎನ್‌ಎಸ್3/4ಎ ಎಂಬ ಕತ್ತರಿ-ಕಿಣ್ವವಿದೆ. ಅದರ ನಿತ್ಯದ ಕೆಲಸ ವೈರಸ್‌ನದೇ ಉದ್ದನೆಯ ಪ್ರೋಟೀನ್ ಸರಪಳಿಯನ್ನು ತುಂಡುತುಂಡಾಗಿಸುವುದು. 2005ರಲ್ಲಿ ಬೇರೆ ಬೇರೆ ಪ್ರಯೋಗಾಲಯಗಳು ಕಂಡುಕೊಂಡಂತೆ, ಅದೇ ಕತ್ತರಿ ಮ್ಯಾವ್ಸನ್ನೂ ಕತ್ತರಿಸುತ್ತದೆ, ಟ್ರಿಫನ್ನೂ ಕತ್ತರಿಸುತ್ತದೆ. ಸುಮಾರು 9,600 ಅಕ್ಷರಗಳಷ್ಟೇ ಇರುವ ಜೀನೋಮ್ ಒಂದೇ ಸಲಕರಣೆಯಲ್ಲಿ ಎರಡು ಎಚ್ಚರಿಕೆಯ ತಂತಿಗಳನ್ನು ಕಡಿದುಹಾಕುವ ಈ ಜಿಪುಣ ಚಾತುರ್ಯವನ್ನು ನೋಡಿದಾಗ ನನಗೆ ಒಲ್ಲದ ಮೆಚ್ಚುಗೆ ಹುಟ್ಟುತ್ತದೆ.

ಹಾಗಾದರೆ ಯಕೃತ್ತು ಮೌನವಾಗಿ ಬಿದ್ದಿರಬೇಕಿತ್ತಲ್ಲ? ಇಲ್ಲ. ಸೋಂಕು ತಗುಲಿಸಿದ ಚಿಂಪಾಂಜಿಗಳ ಯಕೃತ್ತಿನಲ್ಲಿ ಕೆಲವೇ ದಿನಗಳಲ್ಲಿ ಇಂಟರ್‌ಫೆರಾನ್ ಎಬ್ಬಿಸುವ ನೂರಾರು ವಂಶವಾಹಿಗಳು ಚುರುಕಾಗಿದ್ದವು. ಕತ್ತರಿ ಎಲ್ಲ ಕೋಶಗಳಲ್ಲೂ ಸಮನಾಗಿ ಕೆಲಸ ಮಾಡುವುದಿಲ್ಲ. ಜೊತೆಗೆ, ಸೋಂಕಿತ ಕೋಶದ ಪಕ್ಕಕ್ಕೆ ಬಂದು ನಿಲ್ಲುವ ಪ್ಲಾಸ್ಮಸೈಟಾಯ್ಡ್ ಡೆಂಡ್ರೈಟಿಕ್ ಕೋಶಗಳೆಂಬ ರೋಗನಿರೋಧಕ ಕೋಶಗಳು ವೈರಸ್‌ನ ಆರ್‌ಎನ್‌ಎಯನ್ನು ಪಡೆದು ತಾವೇ ಇಂಟರ್‌ಫೆರಾನ್ ಸುರಿಸುತ್ತವೆ. ಅವುಗಳೊಳಗೆ ವೈರಸ್ ಬೆಳೆಯುವುದಿಲ್ಲವಾದ್ದರಿಂದ ಅಲ್ಲಿ ಕತ್ತರಿಯೂ ಇಲ್ಲ. ಆದ್ದರಿಂದ ಪ್ರಶ್ನೆ ಸಂಕೇತ ಬಂತೇ ಇಲ್ಲವೇ ಎಂಬುದಲ್ಲ. ಯಾವಾಗ ಬಂತು, ಎಷ್ಟು ಜೋರಾಗಿ ಬಂತು, ಅದರ ಬೆನ್ನಿಗೆ ಯಾರು ಬಂದರು ಎಂಬುದು.

ಬೆನ್ನಿಗೆ ಬರಬೇಕಾದವರು ಟಿ-ಕೋಶಗಳು, ಅಂದರೆ ಸೋಂಕಿತ ಕೋಶಗಳನ್ನು ಗುರುತಿಸಿ ಎರಗುವ ಬಿಳಿ ರಕ್ತಕಣಗಳು. ವೈರಸ್ ರಕ್ತದಲ್ಲಿ ಕೆಲವೇ ದಿನಗಳಲ್ಲಿ ಏರಿದರೂ ಟಿ-ಕೋಶಗಳು ಯಕೃತ್ತಿಗೆ ಬಂದು ಕೆಲಸ ಶುರುಮಾಡುವುದು ಹೆಚ್ಚುಕಡಿಮೆ ಎರಡು ತಿಂಗಳಾದ ಮೇಲೆ. ಎಎಲ್‌ಟಿ ಏರುವುದೂ ಆಗಲೇ. ಕಾಮಾಲೆ ಬರುವುದಿದ್ದರೆ ಆಗಲೇ. ಹೆಪಟೈಟಿಸ್ ಸಿಯಲ್ಲಿ ಕಾಮಾಲೆಯೊಂದಿಗೆ ಜೋರಾಗಿ ಎರಗುವ ಸೋಂಕು ತಾನಾಗಿಯೇ ಹೋಗುವ ಸಂಭವ ಹೆಚ್ಚು. ಸದ್ದಿಲ್ಲದೆ ಬಂದದ್ದು ಉಳಿದುಕೊಳ್ಳುವ ಸಂಭವ ಹೆಚ್ಚು. 1977ರಲ್ಲಿ ಯಾರೋ ಗಮನಿಸಿದ್ದಿದ್ದರೆ ಅವರ ಕಣ್ಣಿಗೆ ಬೀಳುತ್ತಿದ್ದವರು ಹಳದಿಗಣ್ಣಿನ ಆ ಕೆಲವರೇ. ಮಗುವಿಗೆ ಹಾಲೂಡಿಸುತ್ತ, ‘ಸ್ವಲ್ಪ ಸುಸ್ತು, ಬಾಣಂತನವಲ್ಲವೇ’ ಎಂದುಕೊಂಡು ಮನೆಗೆ ಹೋದವರಲ್ಲಿ ವೈರಸ್ ನೆಲೆಯೂರುತ್ತಿತ್ತು.

ವೈರಸ್ಸನ್ನು ಗೆದ್ದವರು ಮತ್ತು ಗೆಲ್ಲದವರ ನಡುವೆ ಹುಟ್ಟಿನಿಂದ ಬಂದ ವ್ಯತ್ಯಾಸಗಳೂ ಇದ್ದವು. ಐರಿಶ್ ಸಂಶೋಧಕರು 2004ರಲ್ಲಿ ವರದಿ ಮಾಡಿದಂತೆ, ಎಚ್‌ಎಲ್‌ಎ-ಬಿ27, ಎ3, ಡಿಆರ್‌ಬಿ1*01 ಮುಂತಾದ ಅಂಗಾಂಶ ಗುರುತುಗಳು ಗೆದ್ದವರಲ್ಲಿ ಹೆಚ್ಚಾಗಿದ್ದವು. ಎಚ್‌ಎಲ್‌ಎ ಅಣುಗಳು ವೈರಸ್‌ನ ಚೂರುಗಳನ್ನು ಟಿ-ಕೋಶಗಳಿಗೆ ಎತ್ತಿ ತೋರಿಸುತ್ತವೆ. ಬಿ27 ತೋರಿಸುವ ಚೂರು, ವೈರಸ್ ಸುಲಭವಾಗಿ ಬದಲಾಯಿಸಿಕೊಳ್ಳಲಾಗದ, ತನ್ನ ಆರ್‌ಎನ್‌ಎಯ ಪ್ರತಿ ತೆಗೆಯಲು ಬಳಸುವ ಪಾಲಿಮರೇಸ್ ಕಿಣ್ವದ್ದು. ತಪ್ಪಿಸಿಕೊಳ್ಳಬೇಕಾದರೆ ಅದು ಒಂದೇ ಕಡೆಯಲ್ಲ, ಹಲವೆಡೆ ಬದಲಾಗಬೇಕು.

2009ರಲ್ಲಿ ಬೇರೆ ಬೇರೆ ದೇಶಗಳ ರೋಗಿಗಳ ಜೀನೋಮ್ ಜಾಲಾಡಿದಾಗ 19ನೆಯ ವರ್ಣತಂತುವಿನಲ್ಲಿ, ಇಂಟರ್‌ಫೆರಾನ್-ಲ್ಯಾಂಬ್ಡಾ ವಂಶವಾಹಿಗಳ ಬಳಿ, ಒಂದೇ ಅಕ್ಷರದ ವ್ಯತ್ಯಾಸವೊಂದು ಸಿಕ್ಕಿತು. ವೈರಸ್ ತಾನಾಗಿಯೇ ಹೋಗುವುದಕ್ಕೂ, ಇಂಟರ್‌ಫೆರಾನ್ ಚಿಕಿತ್ಸೆ ಫಲಿಸುವುದಕ್ಕೂ ಅದರ ನಂಟು ಗಟ್ಟಿಯಾಗಿತ್ತು. 2013ರಲ್ಲಿ ಅಲ್ಲೇ ಪಕ್ಕದಲ್ಲಿ ಅದುವರೆಗೆ ಯಾರೂ ಕಂಡಿರದ ಐಎಫ್‌ಎನ್‌ಎಲ್4 ಎಂಬ ವಂಶವಾಹಿ ಪತ್ತೆಯಾಯಿತು. ಓದುಗರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಈ ಇಂಟರ್‌ಫೆರಾನನ್ನು ತಯಾರಿಸಬಲ್ಲವರಿಗೆ ಹೆಪಟೈಟಿಸ್ ಸಿಯನ್ನು ಹೊರಹಾಕುವುದು ಕಷ್ಟ. ಕೆಟ್ಟುಹೋದ ಪ್ರತಿಯನ್ನು ಹೊತ್ತವರಿಗೆ ಸುಲಭ. ವೈರಸ್ ವಿರುದ್ಧದ ಅಸ್ತ್ರ ಇದ್ದವರೇ ಸೋಲುವವರು.

ನಿಲ್ಲದ ತಮಟೆ

ಈ ವಿರೋಧಾಭಾಸದ ಉತ್ತರ ದೀರ್ಘಕಾಲದ ಸೋಂಕಿತರ ಯಕೃತ್ತಿನಲ್ಲಿದೆ. ಅಲ್ಲಿ ಇಂಟರ್‌ಫೆರಾನ್‌ಗೆ ಸ್ಪಂದಿಸುವ ವಂಶವಾಹಿಗಳು ವರ್ಷಗಟ್ಟಲೆ ಎಚ್ಚರದ ಸ್ಥಿತಿಯಲ್ಲೇ ಇರುತ್ತವೆ. ಎಲ್ಲರಲ್ಲೂ ಅಲ್ಲ, ಆದರೆ ಬಹಳ ಜನರಲ್ಲಿ. ಊರಿನಲ್ಲಿ ತಮಟೆ ಹಗಲೂರಾತ್ರಿ ಬಡಿಯುತ್ತಲೇ ಇದ್ದರೆ, ಬಣವೆಗೆ ಬೆಂಕಿ ಬಿತ್ತೆಂದು ಬಡಿಯುವ ತಮಟೆಗೆ ಯಾರೂ ಎದ್ದು ಬರುವುದಿಲ್ಲ. ಯುಎಸ್‌ಪಿ18 ಎಂಬ ಪ್ರೋಟೀನ್ ಇಂಟರ್‌ಫೆರಾನ್-ಆಲ್ಫಾದ ಗ್ರಾಹಕಕ್ಕೆ ಅಡ್ಡ ನಿಂತು ಅದನ್ನು ಕಿವುಡಾಗಿಸುತ್ತದೆ; ಅದು ಹುಟ್ಟುವುದೂ ಇಂಟರ್‌ಫೆರಾನ್‌ನ ಆದೇಶದಿಂದಲೇ. 2000ದ ದಶಕದಲ್ಲಿ ಇಂಟರ್‌ಫೆರಾನ್ ಮತ್ತು ರಿಬಾವಿರಿನ್ ಚಿಕಿತ್ಸೆ ಪಡೆದವರಲ್ಲಿ, ಬಯಾಪ್ಸಿಯಲ್ಲಿ ಈ ವಂಶವಾಹಿಗಳು ಮೊದಲೇ ಜೋರಾಗಿದ್ದವರಿಗೆ ಔಷಧ ಹತ್ತಲಿಲ್ಲ. ವರ್ಷವಿಡೀ ಚುಚ್ಚಿಸಿಕೊಂಡು, ಜ್ವರ, ಖಿನ್ನತೆ, ಕೂದಲುದುರುವಿಕೆ ಎಲ್ಲ ಅನುಭವಿಸಿ ಬರಿಗೈಯಲ್ಲಿ ಹಿಂದಿರುಗಿದವರು ಅವರು.

ಇದೇ ಸದ್ದು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಇಂಟರ್‌ಫೆರಾನ್ ಎಬ್ಬಿಸುವ ಸಿಎಕ್ಸ್‌ಸಿಎಲ್10 ಎಂಬ ರಾಸಾಯನಿಕ ಕರೆ ಬಿಳಿ ರಕ್ತಕಣಗಳನ್ನು ಯಕೃತ್ತಿಗೆ ಕರೆತರುತ್ತದೆ. ಬಂದ ಟಿ-ಕೋಶಗಳಲ್ಲಿ ವೈರಸ್ಸನ್ನು ಗುರುತಿಸಬಲ್ಲವು ಕಡಿಮೆ. ಗುರುತಿಸಬಲ್ಲವುಗಳ ಮೈಮೇಲೆ ಪಿಡಿ-1 ಮುಂತಾದ ತಡೆಗಳು ಹೊರಬಂದಿರುತ್ತವೆ. ವರ್ಷಗಟ್ಟಲೆ ಅದೇ ಶತ್ರುವನ್ನು ನೋಡಿ ನೋಡಿ ದಣಿದ ಕೋಶಗಳವು. ಇನ್ನುಳಿದವು ದಾರಿಹೋಕರು: ವೈರಸ್ ವಿರುದ್ಧ ಏನನ್ನೂ ಮಾಡಲಾರವು, ಆದರೆ ಅಕ್ಕಪಕ್ಕದ ಕೋಶಗಳಿಗೆ ಗಾಯ ಮಾಡಬಲ್ಲವು.

ಯಕೃತ್ತಿನ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡಿರುವ, ಹೊರಗಿನಿಂದ ಬಂದದ್ದನ್ನು ನುಂಗುವ ಕುಪ್ಫರ್ ಕೋಶಗಳೂ ಇದಕ್ಕೆ ಕೈಜೋಡಿಸುತ್ತವೆ. ವೈರಸ್ಸನ್ನು ನುಂಗಿದಾಗ ಅವುಗಳೊಳಗೆ ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮ್ ಎಂಬ ಪ್ರೋಟೀನ್ ಜೋಡಣೆ ಎಚ್ಚೆತ್ತು ಇಂಟರ್‌ಲ್ಯೂಕಿನ್-1 ಬೀಟಾವನ್ನು ಹೊರಬಿಡುತ್ತದೆಂದು 2013ರಲ್ಲಿ ತೋರಿಸಲಾಯಿತು. ಅದು ಉರಿಯೂತದ ಸಂಕೇತ. ಟಿಜಿಎಫ್-ಬೀಟಾ ಎಂಬ ಮತ್ತೊಂದು ಸಂಕೇತ-ಪ್ರೋಟೀನ್ ಇನ್ನೊಂದು ಕಡೆಯಿಂದ ಯಕೃತ್ತಿನ ಸ್ಟೆಲೇಟ್ ಕೋಶಗಳನ್ನು ಎಬ್ಬಿಸುತ್ತದೆ. ಅದುವರೆಗೆ ಎ ಜೀವಸತ್ವವನ್ನು ಕೂಡಿಟ್ಟುಕೊಂಡು ತೆಪ್ಪಗಿದ್ದ ಆ ಕೋಶಗಳು ಕೊಲಾಜನ್ ನೂಲಲು ಶುರುಮಾಡುತ್ತವೆ. ನಾರು ಕಟ್ಟುವುದು ಹೀಗೆ, ಒಂದೊಂದೇ ಎಳೆ.

ಹೆಪಟೈಟಿಸ್ ಬಿಯನ್ನು ಇದರೊಂದಿಗೆ ಒಂದೇ ಗಂಟಿನಲ್ಲಿ ಕಟ್ಟಬಾರದು. ಅದು ಸೋಂಕಿನ ಆರಂಭದಲ್ಲಿ ಇಂಟರ್‌ಫೆರಾನ್ ವಂಶವಾಹಿಗಳನ್ನು ಬಹುತೇಕ ಎಬ್ಬಿಸುವುದೇ ಇಲ್ಲ. ಇಬ್ಬರೂ ಯಕೃತ್ತಿನ ಕಳ್ಳರೇ, ಆದರೆ ಒಬ್ಬ ಬೆಕ್ಕಿನ ಹೆಜ್ಜೆಯವನು, ಇನ್ನೊಬ್ಬ ಕೂಗಾಟದ ನಡುವೆಯೇ ನಿಂತು ಕದಿಯುವವನು.

ಹದಿನೇಳು ವರ್ಷ ಮತ್ತು ಮೂವತ್ತಾರು ವರ್ಷ

1999ರ ಅಂಕಿಗಳು ಬಂದಾಗ ಕೆಲವರು ನಿಟ್ಟುಸಿರು ಬಿಟ್ಟರು. 17 ವರ್ಷಕ್ಕೆ ಸಿರೋಸಿಸ್ ಎರಡೇ ಶೇಕಡ. ಆಸ್ಪತ್ರೆಗೆ ಬರುವ ರೋಗಿಗಳನ್ನು ನೋಡಿ ಮಾಡಿದ ಅಧ್ಯಯನಗಳು ಇಪ್ಪತ್ತು ವರ್ಷಕ್ಕೆ ಇದರ ಹತ್ತುಪಟ್ಟು ಹೇಳುತ್ತಿದ್ದವು. ಎಳೆಯ ವಯಸ್ಸು, ಹೆಣ್ಣು ದೇಹ, ಕಡಿಮೆ ಕುಡಿತ: ಮೂರೂ ರಕ್ಷಣೆ ಕೊಟ್ಟಿದ್ದವು. ಈಸ್ಟ್ರೋಜನ್ ಸ್ಟೆಲೇಟ್ ಕೋಶಗಳನ್ನು ಹಿಡಿದಿಡುತ್ತದೆಂಬುದಕ್ಕೆ ಪ್ರಯೋಗಾಲಯದ ಸಾಕ್ಷ್ಯವೂ ಇದೆ. ಆದರೆ ‘ಸೌಮ್ಯ’ ಎಂಬ ಆ ಮಾತು ಅವಸರದ್ದಾಗಿತ್ತು. 36 ವರ್ಷಗಳ ಬಳಿಕ ಲೆಕ್ಕ ಹಾಕಿದಾಗ, ದೀರ್ಘಕಾಲದ ಸೋಂಕಿದ್ದ 374 ಮಂದಿಯಲ್ಲಿ 19 ಶೇಕಡ ಮಂದಿಗೆ ಸಿರೋಸಿಸ್ ಆಗಿತ್ತು. ಮಧುಮೇಹ ಮತ್ತು ಮದ್ಯಪಾನ ಇದ್ದವರಲ್ಲಿ ವೇಗ ಹೆಚ್ಚು. ಮೊದಲರ್ಧದಲ್ಲಿ ತೆವಳಿದ ರೋಗ ಎರಡನೆಯರ್ಧದಲ್ಲಿ ನಡೆಯತೊಡಗಿತ್ತು.

ಮತ್ತೊಂದು ಸಂಗತಿಯನ್ನು ಯಕೃತ್ತಿನ ತಜ್ಞರು ಬಹಳ ಕಾಲ ಬದಿಗಿಟ್ಟರು. 1999ರ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ಮಹಿಳೆಯರು ಹೇಳಿಕೊಂಡ ದೂರು ಆಯಾಸ. ಬಯಾಪ್ಸಿಯ ಹಾನಿಗೂ ಆಯಾಸಕ್ಕೂ ಹೆಪಟೈಟಿಸ್ ಸಿಯಲ್ಲಿ ಸರಿಯಾಗಿ ತಾಳೆಯಾಗುವುದಿಲ್ಲ. ತಾಳೆಯಾಗದ್ದನ್ನು ಮನಸ್ಸಿನ ಖಾತೆಗೆ ಹಾಕುವುದು ವೈದ್ಯರ ಹಳೆಯ ಚಾಳಿ. ಆದರೆ ಇಂಟರ್‌ಫೆರಾನ್ ಚುಚ್ಚುಮದ್ದು ಪಡೆದ ಯಾರನ್ನಾದರೂ ಕೇಳಿ ನೋಡಿ, ಅದು ತರುವ ಸುಸ್ತು ಎಂಥದ್ದೆಂದು. ದೇಹವೇ ದಿನವೂ ಅದೇ ಬಗೆಯ ಸಂಕೇತಗಳನ್ನು ಸುರಿಸುತ್ತಿದ್ದರೆ ಆಯಾಸವಾಗುವುದಕ್ಕೆ ಸಿರೋಸಿಸ್ ಏಕೆ ಬೇಕು?

ಸೋಂಕೇ ತಗುಲದವರು

ಈ ಪ್ರಕರಣದಲ್ಲಿ ತಡವಾಗಿ ಗಮನಕ್ಕೆ ಬಂದ ಮೂರನೆಯ ಗುಂಪೊಂದಿದೆ. ಕಲುಷಿತ ಬ್ಯಾಚಿನ ಚುಚ್ಚುಮದ್ದನ್ನು ಪಡೆದಿದ್ದರೂ ಇವರಲ್ಲಿ ವೈರಸ್ಸೂ ಇಲ್ಲ, ಪ್ರತಿಕಾಯವೂ ಇಲ್ಲ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಕ್ಲಿಯೋನಾ ಓ'ಫ್ಯಾರೆಲಿ ಅವರ ತಂಡ ಇಂಥವರನ್ನು ಹುಡುಕಿ, ರಕ್ತ ಪಡೆದು, ವೈರಸ್‌ನ ಆರ್‌ಎನ್‌ಎಯನ್ನು ಹೋಲುವ ವಸ್ತುವಿನಿಂದ ಕೆಣಕಿ ನೋಡಿತು. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಈ ಮಹಿಳೆಯರ ರಕ್ತಕೋಶಗಳು ಟಿಎಲ್‌ಆರ್3 ಮೂಲಕ ಕೆಣಕಿದಾಗ, ಸೋಂಕು ತಗುಲಿದ್ದವರ ಕೋಶಗಳಿಗಿಂತ ಹೆಚ್ಚಿನ ಸ್ಪಂದನೆ ತೋರಿದವು. ವೈರಸ್‌ನ ಕತ್ತರಿ ಗುರಿಯಿಡುವ ಎರಡು ದಾರಿಗಳಲ್ಲಿ ಇದೂ ಒಂದೆಂಬುದನ್ನು ನೆನೆದರೆ ಫಲಿತಾಂಶಕ್ಕೆ ತೂಕ ಬರುತ್ತದೆ.

ಆದರೂ ನಾನು ಇದನ್ನು ಎಚ್ಚರದಿಂದ ಓದುತ್ತೇನೆ. ಚುಚ್ಚುಮದ್ದು ಕೊಟ್ಟದ್ದು 1977ರಲ್ಲಿ, ರಕ್ತ ತೆಗೆದದ್ದು ನಾಲ್ಕು ದಶಕಗಳ ನಂತರ. ಪ್ರತಿ ಬಾಟಲಿಯಲ್ಲೂ ವೈರಸ್ ಒಂದೇ ಪ್ರಮಾಣದಲ್ಲಿತ್ತೆಂದು ಹೇಳಲಾಗದು. ಪರೀಕ್ಷಿಸಿದ್ದು ರಕ್ತವನ್ನು, ಕದನ ನಡೆದದ್ದು ಯಕೃತ್ತಿನಲ್ಲಿ. ಇಷ್ಟೆಲ್ಲ ಇದ್ದರೂ ಇಡೀ ಚಿತ್ರದೊಂದಿಗೆ ಅದು ಹೊಂದಿಕೊಳ್ಳುತ್ತದೆ. ಬೇಗನೆ ಬಂದು ಬೇಗನೆ ಮುಗಿದ ಸಂಕೇತ ಉಳಿಸುತ್ತದೆ, ಮುಗಿಯದೆ ಎಳೆದಾಡುವ ಅದೇ ಸಂಕೇತ ಗಾಯ ಮಾಡುತ್ತದೆ. ಉರಿಯೂತ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರು ಮೊದಲು ದಿನಾಂಕವನ್ನು ಕೇಳಬೇಕು.

ವೈರಸ್ ಹೋದ ಮೇಲೆ

ಮ್ಯಾವ್ಸನ್ನು ಕಡಿಯುವ ಕತ್ತರಿ-ಕಿಣ್ವವೇ ಔಷಧಗಳ ಮೊದಲ ಗುರಿಯಾಯಿತು. ಎನ್‌ಎಸ್3/4ಎಯನ್ನು ತಡೆದರೆ ಕೋಶದ ಎಚ್ಚರಿಕೆಯ ದಾರಿ ಮತ್ತೆ ತೆರೆಯುತ್ತದೆಂದು 2003ರಲ್ಲೇ ಪ್ರಯೋಗಾಲಯದಲ್ಲಿ ಕಂಡಿತ್ತು. 2011ರಲ್ಲಿ ಟೆಲಾಪ್ರೆವಿರ್ ಮತ್ತು ಬೊಸೆಪ್ರೆವಿರ್ ಬಂದವು. 2013ರ ಕೊನೆಗೆ ಪಾಲಿಮರೇಸನ್ನು ತಡೆಯುವ ಸೊಫೊಸ್ಬುವಿರ್ ಬಂತು. ನಂತರದ ಮಾತ್ರೆಗಳ ಜೋಡಿಗಳು ಹೆಚ್ಚಾಗಿ 12 ವಾರಗಳಲ್ಲಿ 95 ಶೇಕಡಕ್ಕೂ ಹೆಚ್ಚು ಜನರ ವೈರಸ್ಸನ್ನು ತೊಲಗಿಸುತ್ತವೆ. ಸೊಫೊಸ್ಬುವಿರನ್ನು ಕಡಿಮೆ ಬೆಲೆಗೆ ತಯಾರಿಸಲು 2014ರಲ್ಲಿ ಪರವಾನಗಿ ಪಡೆದ ಭಾರತೀಯ ಕಂಪನಿಗಳಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಆರ್ಕೊಲ್ಯಾಬ್ ಕೂಡ ಒಂದು. 2018ರಿಂದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಉಚಿತ.

ಹೊಸ ಮಾತ್ರೆಗಳು ರೋಗನಿರೋಧಕ ವಿಜ್ಞಾನಿಗಳಿಗೂ ಒಂದು ಉತ್ತರ ಕೊಟ್ಟವು. ಸಂಕೇತಗಳ ಗದ್ದಲಕ್ಕೆ ವೈರಸ್ಸೇ ಕಾರಣವಾಗಿದ್ದರೆ, ಅದನ್ನು ತೆಗೆದಾಗ ಗದ್ದಲ ನಿಲ್ಲಬೇಕು. ಬಹುಮಟ್ಟಿಗೆ ನಿಂತಿತು: ಇಂಟರ್‌ಫೆರಾನ್ ವಂಶವಾಹಿಗಳು ಚಿಕಿತ್ಸೆಯ ಆರಂಭದ ವಾರಗಳಲ್ಲೇ ಇಳಿದವು, ಸಿಎಕ್ಸ್‌ಸಿಎಲ್10 ತಗ್ಗಿತು, ಎಎಲ್‌ಟಿ ಸಹಜಕ್ಕೆ ಬಂತು. ಆದರೆ ದಣಿದ ಟಿ-ಕೋಶಗಳು ಪೂರ್ತಿಯಾಗಿ ಚೇತರಿಸಿಕೊಳ್ಳಲಿಲ್ಲ. ಅವುಗಳ ಡಿಎನ್‌ಎಯ ಮಡಿಕೆಗಳಲ್ಲಿ ದಣಿವಿನ ಗುರುತು ಹಾಗೆಯೇ ಉಳಿದಿರುವುದು 2021ರಲ್ಲಿ ಪ್ರಕಟವಾಯಿತು. ಗುಣವಾದವರಿಗೆ ಮತ್ತೆ ಸೋಂಕು ತಗುಲಬಹುದು. ಅದೇ ವರ್ಷ, ಟಿ-ಕೋಶಗಳನ್ನು ಎಬ್ಬಿಸಲೆಂದೇ ರೂಪಿಸಿದ ಲಸಿಕೆಯೊಂದು ಅಮೆರಿಕದ ಪರೀಕ್ಷೆಯಲ್ಲಿ ಟಿ-ಕೋಶಗಳನ್ನು ಎಬ್ಬಿಸಿತು, ಆದರೆ ದೀರ್ಘಕಾಲದ ಸೋಂಕನ್ನು ತಡೆಯಲಿಲ್ಲ. ಹೆಪಟೈಟಿಸ್ ಸಿಗೆ ಇಂದಿಗೂ ಲಸಿಕೆ ಇಲ್ಲ.

ನಾರುಗಟ್ಟಿದ ಯಕೃತ್ತು ಒಂದಿಷ್ಟು ಸಡಿಲಗೊಳ್ಳುತ್ತದೆ, ಎಲ್ಲರಲ್ಲೂ ಅಲ್ಲ. ಚಿಕಿತ್ಸೆಗೆ ಮುನ್ನವೇ ಸಿರೋಸಿಸ್ ಆಗಿದ್ದವರಿಗೆ ವೈರಸ್ ಹೋದ ಮೇಲೂ ಯಕೃತ್ತಿನ ಕ್ಯಾನ್ಸರ್ ಅಪಾಯ ತಗ್ಗುತ್ತದೆಯೇ ಹೊರತು ಅಳಿಯುವುದಿಲ್ಲ. 1977ರಲ್ಲಿ ಚುಚ್ಚುಮದ್ದು ಪಡೆದು, ಈಗ ಎಪ್ಪತ್ತು ದಾಟಿರುವ ಅಂಥ ಮಹಿಳೆಯರು, ರಕ್ತದಲ್ಲಿ ವೈರಸ್ ಇಲ್ಲವೆಂಬ ವರದಿ ಕೈಯಲ್ಲಿದ್ದರೂ, ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಲೇಬೇಕು.